ಅಪ್‌ಡೇಟ್: ಮಗಳ ಗೊರಗೊರ ಉಸಿರಿಗೆ ಕಾರಣ ಜೋಡಿ ಮಹಾಪಧಮನಿ ಕಮಾನು

ಎಂಟು ತಿಂಗಳ ಮಗಳ ಉಸಿರಾಟದಲ್ಲಿ ಗೊರಗೊರ ಸದ್ದಿದೆ, ಗಟ್ಟಿ ಆಹಾರ ನುಂಗುವಾಗ ಕೆಮ್ಮುತ್ತಾಳೆ, ಆಸ್ತಮಾ ಔಷಧಿಗೂ ಬಗ್ಗುತ್ತಿಲ್ಲ ಎಂದು ಹಿಂದೆ ಕೇಳಿದ್ದೆ. ಅನ್ನನಾಳವನ್ನೂ ಪರೀಕ್ಷಿಸುವಂತೆ ಸಲಹೆಯಿತ್ತವರಿಗೆ ಕೃತಜ್ಞತೆಗಳು. ಬೇರಿಯಂ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಅನ್ನನಾಳವು ಎರಡೂ ಬದಿಯಿಂದ ಒತ್ತಿದಂತೆ ಕಂಡಿತು. ಬಳಿಕ ಮಾಡಿಸಿದ ಸಿ.ಟಿ. ಆಂಜಿಯೋಗ್ರಾಮ್‌ನಲ್ಲಿ (ರಕ್ತನಾಳಗಳ ಸ್ಕ್ಯಾನ್), ಹೃದಯದಿಂದ ಮೇಲೇರಿದ ಮಹಾಪಧಮನಿಯು (ದೇಹಕ್ಕೆ ರಕ್ತ ಒಯ್ಯುವ ಮುಖ್ಯ ರಕ್ತನಾಳ) ಎರಡು ಕಮಾನುಗಳಾಗಿ ಕವಲೊಡೆದು, ಶ್ವಾಸನಾಳ ಮತ್ತು ಅನ್ನನಾಳಗಳನ್ನು ಉಂಗುರದಂತೆ ಬಳಸಿ, ಹಿಂಭಾಗದಲ್ಲಿ ಮತ್ತೆ ಒಂದಾಗಿರುವುದು ಸ್ಪಷ್ಟವಾಯಿತು. ಈ ದೋಷವಿರುವ ಬಹುತೇಕ ಮಕ್ಕಳಲ್ಲಿರುವಂತೆ ಇವಳಲ್ಲೂ ಬಲಗಡೆಯ ಕಮಾನೇ ದೊಡ್ಡದಾಗಿತ್ತು.

ಎಡ ಪಕ್ಕೆಲುಬುಗಳ ನಡುವಿನಿಂದ ಪ್ರವೇಶಿಸಿ, ಹಾರ್ಟ್-ಲಂಗ್ ಯಂತ್ರದ (ಹೃದಯ, ಶ್ವಾಸಕೋಶಗಳ ಕೆಲಸವನ್ನು ತಾತ್ಕಾಲಿಕವಾಗಿ ಮಾಡುವ ಯಂತ್ರ) ನೆರವಿಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಸಿದರು. ಕಿರಿದಾದ ಎಡ ಕಮಾನಿಗೆ ಮೊದಲು ಕ್ಲ್ಯಾಂಪ್ ಹಾಕಿ, ಕೈ, ಕಾಲು, ಕುತ್ತಿಗೆಗಳಲ್ಲಿ ನಾಡಿಬಡಿತ ಕುಗ್ಗಿಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಅದನ್ನು ಕತ್ತರಿಸಿ ಎರಡೂ ತುದಿಗಳನ್ನು ಹೊಲಿದರಂತೆ. ಧ್ವನಿಪೆಟ್ಟಿಗೆಯ ನರವು ಪಕ್ಕದಲ್ಲೇ ಹಾದುಹೋಗುವುದರಿಂದ ಅದನ್ನು ಕಾಪಾಡುವುದು ಬಹಳ ನಾಜೂಕಿನ ಕೆಲಸವೆಂದು ಸರ್ಜನ್ ವಿವರಿಸಿದರು. ಸಿ.ಟಿ. ಸ್ಕ್ಯಾನ್ ಎಂಬುದೇ ಇಲ್ಲದಿದ್ದ 1945ರಲ್ಲಿ ಬಾಸ್ಟನ್‌ನ ಸರ್ಜನ್ ರಾಬರ್ಟ್ ಗ್ರಾಸ್ ಇಂಥ ಉಂಗುರವನ್ನು ಮೊದಲು ಬಿಡಿಸಿದ್ದರೆಂಬುದು ನನಗಂತೂ ಅಚ್ಚರಿಯ ಸಂಗತಿ.

ಈಗ ನುಂಗುವುದು ಸರಿಹೋಗಿದೆ. ಸದ್ದು ಮಾತ್ರ ಪೂರ್ತಿ ನಿಂತಿಲ್ಲ; ಹುಟ್ಟಿನಿಂದಲೂ ಒತ್ತಡದಲ್ಲಿದ್ದ ಶ್ವಾಸನಾಳದ ಮೃದ್ವಸ್ಥಿ ಗಟ್ಟಿಯಾಗಲು ಇನ್ನೂ ಹಲವು ತಿಂಗಳು ಬೇಕಾಗಬಹುದು ಎಂದಿದ್ದಾರೆ.