ಬೂತಾಯಿಯೋ ಹುರುಳಿಯೋ: ಯಾವುದು ನಿಜಕ್ಕೂ ಅಗ್ಗ?

(ಕೇರಳದ ಕಾಸರಗೋಡು ಕಡೆಯ ನಾಲ್ವರ ಮಾತುಕತೆ; ಹೆಸರಿನ ಬದಲು ಅವರವರ ಊರು.)

ಕುಂಬಳೆ ಪೇಟೆ: ನಾಲ್ವರ ಮನೆ, ತಿಂಗಳ ಕೊನೆಯ ವಾರ. ರೇಷನ್ ಕುಚ್ಚಲಕ್ಕಿ ಇದೆ. ಅದರ ಜೊತೆಗೆ ಬೂತಾಯಿ (ಸಾರ್ಡೀನ್ ಮೀನು) ತರುವುದೋ, ಹುರುಳಿಯಲ್ಲೇ ಸುಧಾರಿಸುವುದೋ? ಪ್ರೋಟೀನ್ ಕಡಿಮೆಯಾಗಬಾರದು, ಅಷ್ಟೆ.

ಪೆರ್ಲದ ತೋಟ: ಬರೀ ಕಿಲೋ ದರ ನೋಡಬೇಡಿ. ಕಿಲೋ ಹುರುಳಿಯಲ್ಲಿ ಸುಮಾರು 220 ಗ್ರಾಂ ಪ್ರೋಟೀನ್. ಕಿಲೋ ಬೂತಾಯಿಯಲ್ಲಿ ತಲೆ, ಕರುಳು, ಮುಳ್ಳು ಕಳೆದು ತಿನ್ನಲು ಸಿಗುವುದು 600 ಗ್ರಾಂ ಆಸುಪಾಸು, ಪ್ರೋಟೀನ್ ಅಂದಾಜು 120 ಗ್ರಾಂ. ಬೂತಾಯಿಯ ದರ ಹುರುಳಿಯ ದರದ ಅರ್ಧಕ್ಕಿಂತ ಮೇಲೆ ಹೋಯಿತೋ, ಹುರುಳಿಯೇ ಗೆದ್ದಿತು.

ಮಂಜೇಶ್ವರ ಕಡಲು: ಲೆಕ್ಕ ಸರಿ, ತೀರ್ಪು ತಪ್ಪು. ಬಿ12 ಹುರುಳಿಯಲ್ಲಿ ಇಲ್ಲವೇ ಇಲ್ಲ, ಮೀನಿನ ಒಮೆಗಾ-3 ಕೊಬ್ಬೂ ಇಲ್ಲ. ವಾರಕ್ಕೆ ಎರಡು ಸಲವಾದರೂ ಬೂತಾಯಿ ಇರಲಿ. ಪುಳಿಮುಂಚಿ (ಹುಳಿ-ಖಾರದ ಸಾರು) ಮಾಡಿ, ಹುರಿಯಬೇಡಿ. ಹುರಿದರೆ ಎಣ್ಣೆಯ ದುಡ್ಡನ್ನೂ ಮೀನಿನ ಲೆಕ್ಕಕ್ಕೇ ಬರೆಯಬೇಕು.

ಕುಂಬಳೆ ಪೇಟೆ: ಜೂನ್‌, ಜುಲೈಯಲ್ಲಿ ಟ್ರಾಲಿಂಗ್ (ಯಂತ್ರದ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಅಲ್ವಾ, ಮೀನೆಲ್ಲಿ?

ಮಂಜೇಶ್ವರ ಕಡಲು: ಕೇರಳದಲ್ಲಿ ಆ 52 ದಿನದ ನಿಷೇಧ ಟ್ರಾಲ್ ಬೋಟಿಗೆ, ನಾಡದೋಣಿಗಲ್ಲ. ಕಡಲು ಇಳಿಯಲು ಬಿಟ್ಟರೆ ಬೂತಾಯಿ ಬರುತ್ತದೆ, ದರ ಮಾತ್ರ ಕೇಳುವ ಹಾಗಿರುವುದಿಲ್ಲ. ಆಗ ಒಣಮೀನು. ಅರ್ಧ ಗಂಟೆ ನೆನೆಸಿ ಆ ನೀರು ಚೆಲ್ಲಿ, ಗಂಜಿಗೆ ಬೇರೆ ಉಪ್ಪು ಹಾಕಬೇಡಿ.

ಬದಿಯಡ್ಕ: ಹುರುಳಿ ಎಷ್ಟು ವಿಸಿಲ್ ಹಾಕಿದರೂ ಕಲ್ಲಿನ ಹಾಗೇ ಉಳಿಯುತ್ತದೆ ಅನ್ನುವವರೇ ಹೆಚ್ಚು. ತಪ್ಪು ಪುನರ್ಪುಳಿಯದ್ದು (ಕೋಕಂ ಹುಳಿ): ಹುಳಿ ಮೊದಲೇ ಬಿದ್ದರೆ ಕಾಳಿನ ಸಿಪ್ಪೆ ಮೆತ್ತಗಾಗುವುದೇ ಇಲ್ಲ. ನಾಲ್ವರಿಗೆ 150 ಗ್ರಾಂ ಹುರುಳಿ ಆರಿಸಿ (ಕಲ್ಲು ಇದ್ದೇ ಇರುತ್ತದೆ), 10 ಗಂಟೆ ನೆನೆಸಿ, ಮೂರು ಪಟ್ಟು ನೀರಿನಲ್ಲಿ 5 ವಿಸಿಲ್, ಮತ್ತೆ ಸಣ್ಣ ಉರಿಯಲ್ಲಿ 10 ನಿಮಿಷ. ಬೆರಳಲ್ಲಿ ಹಿಚುಕಿದಾಗ ನುಣ್ಣಗಾದರೆ ಮಾತ್ರ ಹುಳಿ. ಕಟ್ಟು ಬಸಿದು ಸಾರು, ಕಾಳಿಗೆ ತೆಂಗಿನತುರಿ ಹಾಕಿ ಪಲ್ಯ. ಇಷ್ಟಾದರೂ ಬೇಯದಿದ್ದರೆ ಕಾಳು ಹಳೆಯದು, ಅಂಗಡಿ ಬದಲಿಸಿ.

ಪೆರ್ಲದ ತೋಟ: ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು.

ಬದಿಯಡ್ಕ: ಮಳೆಗಾಲದಲ್ಲಿ ಹುಷಾರು. ನೀರು ಪೂರ್ತಿ ಬಸಿಯದೆ ಬಟ್ಟೆ ಕಟ್ಟಿದರೆ ಮಾರನೇ ದಿನ ಲೋಳೆ. ದಿನಕ್ಕೆ ಎರಡು ಸಲ ತೊಳೆದು ಬಸಿಯಿರಿ. ಹುಳಿ ವಾಸನೆ ಬಂದರೆ ಎಸೆಯಿರಿ, ಬೇಯಿಸಿ ಸರಿಮಾಡಲು ಹೋಗಬೇಡಿ. ಇನ್ನೊಂದು, ಅನ್ನ ಬಸಿದ ತೆಳಿ ಚೆಲ್ಲಬೇಡಿ. ಬಿ ಗುಂಪಿನ ವಿಟಮಿನ್‌ಗಳಲ್ಲಿ ಒಂದು ಪಾಲು ಅದರಲ್ಲೇ ಹೋಗುತ್ತದೆ. ಹುರುಳಿ ಸಾರಿಗೆ ನೀರಿನ ಬದಲು ತೆಳಿಯನ್ನೇ ಹಾಕಿ.

ಮಂಜೇಶ್ವರ ಕಡಲು: ಊಟದ ಬೆನ್ನಿಗೇ ಚಹಾ ಕುಡಿದರೆ ಹುರುಳಿಯ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಒಂದು ಗಂಟೆ ಬಿಡಿ. ಊಟಕ್ಕೆ ಒಂದು ತುಂಡು ನಿಂಬೆ ಹಿಂಡಿಕೊಳ್ಳಿ.

ಕುಂಬಳೆ ಪೇಟೆ: ಸೊಪ್ಪು? ಕರ್ಕಾಟಕ ಮಾಸದಲ್ಲಿ (ಜುಲೈ-ಆಗಸ್ಟ್) ನುಗ್ಗೆಸೊಪ್ಪು ತಿನ್ನಬಾರದು ಅಂತಾರೆ ಮನೆಯಲ್ಲಿ.

ಬದಿಯಡ್ಕ: ಆ ಚರ್ಚೆ ಮನೆಯಲ್ಲಿ ಬೇಡ, ಗೆಲ್ಲುವುದಿಲ್ಲ. ಅದೇ ಹೊತ್ತಿಗೆ ಬೇಲಿ ಬುಡದಲ್ಲಿ ಚಗತೆ ಸೊಪ್ಪಿನ ಗಿಡ ಎದ್ದಿರುತ್ತದೆ, ಕಾಸು ಕೊಡಬೇಕಿಲ್ಲ. ಹೂ ಬಿಡುವ ಮೊದಲು ಕುಡಿ ಮಾತ್ರ ಚಿವುಟಿ, ಬಲಿತರೆ ಕಹಿ. ಎರಡು ಹಿಡಿ ಹೆಚ್ಚಿ ಹುರುಳಿ ಪಲ್ಯಕ್ಕೇ ಸೇರಿಸಿ.