ದಂಪತಿಗಳ ಅಧ್ಯಯನದಲ್ಲಿ ಲೆಕ್ಕಕ್ಕೆ ಬರುವುದು ವ್ಯಕ್ತಿಯೋ ಜೋಡಿಯೋ?

ಪ್ರಶ್ನೆ: ನಮಸ್ಕಾರ ಮೇಡಂ. ತೀರ್ಥಹಳ್ಳಿ, ಹೊಸನಗರ ಭಾಗದ ಅಡಿಕೆ ಬೆಳೆಗಾರ ಕುಟುಂಬಗಳ 60 ದಂಪತಿಗಳಿಂದ ವ್ಯಕ್ತಿತ್ವದ ಮತ್ತು ದಾಂಪತ್ಯ ತೃಪ್ತಿಯ ಪ್ರಶ್ನಾವಳಿಗಳನ್ನು ತುಂಬಿಸಿಕೊಂಡಿದ್ದೇನೆ. 120 ಜನರೆಂದು ಹಿಡಿದು ರಿಗ್ರೆಷನ್ (ಒಂದು ಅಂಶದಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕ) ಮಾಡಿದರೆ ಮಾರ್ಗದರ್ಶಕರು ಒಪ್ಪುತ್ತಿಲ್ಲ. ತಪ್ಪೆಲ್ಲಿದೆ?

ಉತ್ತರ: ಅವರ ಆಕ್ಷೇಪ ಸರಿಯಾಗಿಯೇ ಇದೆ. ಒಂದೇ ಒಲೆಯ ಅಡುಗೆ ಉಣ್ಣುವ, ಒಂದೇ ಮಳೆಗಾಲದ ಕೊಳೆರೋಗಕ್ಕೆ ಫಸಲು ಕಳೆದುಕೊಂಡ ಇಬ್ಬರ ಉತ್ತರಗಳು ಪರಸ್ಪರ ಸ್ವತಂತ್ರವಾಗಿರಲಾರವು. ನೀವು ಬಳಸಿದ ವಿಧಾನಕ್ಕೆ ಆ ಸ್ವಾತಂತ್ರ್ಯವೇ ಮೊದಲ ಷರತ್ತು. 60 ಸಾಲುಗಳ ಕೋಷ್ಟಕ ಮಾಡಿ, ಪ್ರತಿ ಸಾಲಿನಲ್ಲಿ ಗಂಡ-ಹೆಂಡತಿ ಇಬ್ಬರ ಅಂಕಗಳನ್ನೂ ಇಟ್ಟು, ತೃಪ್ತಿಯ ಅಂಕಗಳ ಸಹಸಂಬಂಧವನ್ನು, ಅಂದರೆ ಒಬ್ಬರದು ಹೆಚ್ಚಿದ್ದಲ್ಲಿ ಇನ್ನೊಬ್ಬರದೂ ಹೆಚ್ಚಿರುತ್ತದೆಯೇ ಎಂಬುದನ್ನು, ಮೊದಲು ನೋಡಿ. ಅದು ಧನಾತ್ಮಕವಾಗಿದ್ದರೆ, ನಿಮ್ಮ 120 ಜನರ ಲೆಕ್ಕದಲ್ಲಿ ಮದುವೆಯಾಗಿ ಎಷ್ಟು ವರ್ಷವಾಯಿತು ಎಂಬಂತಹ ಇಬ್ಬರಿಗೂ ಸಮಾನವಾದ ಅಂಶದ ಪರಿಣಾಮವು ಇರುವುದಕ್ಕಿಂತ ಹೆಚ್ಚು ಖಚಿತವೆಂಬಂತೆ ತೋರುತ್ತದೆ. ಗಂಡು-ಹೆಣ್ಣಿನ ವ್ಯತ್ಯಾಸವಾದರೋ ಇದ್ದರೂ ಕಾಣದೆ ಹೋಗಬಹುದು. ತಪ್ಪು ಎರಡೂ ದಿಕ್ಕಿಗೆ ವಾಲುತ್ತದೆ ಎಂಬುದನ್ನು ಅನುಭವಿಗಳೂ ಮರೆಯುತ್ತಾರೆ.

ನಿಮಗೆ ಹೊಂದುವುದು ಮನೋವಿಜ್ಞಾನಿ ಡೇವಿಡ್ ಕೆನ್ನಿ ಮತ್ತು ಸಹಸಂಶೋಧಕರು ಬೆಳೆಸಿದ ಆಕ್ಟರ್-ಪಾರ್ಟ್‌ನರ್ ಮಾದರಿ. ಹೆಂಡತಿಯ ಆತಂಕದ ಸ್ವಭಾವವು ಆಕೆಯ ತೃಪ್ತಿಗೆ ಎಷ್ಟು ಸಂಬಂಧಿಸಿದೆ, ಗಂಡನ ತೃಪ್ತಿಗೆ ಎಷ್ಟು ಎಂಬೆರಡನ್ನೂ ಅದು ಒಟ್ಟಿಗೆ ಅಂದಾಜಿಸುತ್ತದೆ. 60 ಜೋಡಿಗಳಲ್ಲಿ ಸಣ್ಣ ಪರಿಣಾಮಗಳು ಸಿಕ್ಕುವುದು ಕಷ್ಟ. ಸಿಗದಿದ್ದ ಮಾತ್ರಕ್ಕೆ ಇಲ್ಲವೆಂದು ಬರೆಯಬೇಡಿ.

ಇನ್ನೊಬ್ಬರ ಪ್ರಶ್ನೆ: ನಾನು ಸಾಗರದ ಕಡೆಯ ಸ್ವಸಹಾಯ ಸಂಘಗಳಲ್ಲಿ, ತಲಾ 10 ಸದಸ್ಯೆಯರು ಪರಸ್ಪರರ ಜವಾಬ್ದಾರಿತನಕ್ಕೆ 5ರಲ್ಲಿ ಅಂಕ ಕೊಡುವಂತೆ ಕೇಳಬೇಕೆಂದಿದ್ದೇನೆ. ಸರಾಸರಿ ತೆಗೆದರೆ ಸಾಕೇ?

ಉತ್ತರ: ಸಾಲದು. ಪ್ರತಿಯೊಬ್ಬರೂ ಉಳಿದ ಒಂಬತ್ತು ಮಂದಿಗೆ ಅಂಕ ಕೊಟ್ಟರೆ ಒಂದು ಸಂಘದಿಂದ 90 ಅಂಕಗಳು ಬರುತ್ತವೆ, ಆದರೆ ಒಂದೊಂದರ ಒಳಗೂ ಹಲವು ಸಂಗತಿಗಳು ಕಲೆತಿರುತ್ತವೆ. ಶಾರದಕ್ಕ ಗಿರಿಜಕ್ಕನಿಗೆ 5 ಕೊಟ್ಟರೆಂದುಕೊಳ್ಳಿ. ಶಾರದಕ್ಕ ಎಲ್ಲರಿಗೂ ಧಾರಾಳವಾಗಿ ಕೊಡುವವರಿರಬಹುದು. ಗಿರಿಜಕ್ಕನಿಗೆ ಎಲ್ಲರಿಂದಲೂ 5 ಬರುತ್ತಿರಬಹುದು. ಇಲ್ಲವೇ ಅವರಿಬ್ಬರ ನಡುವಣ ವಿಶೇಷ ಸಲಿಗೆಯೇ ಕಾರಣವಿರಬಹುದು. ಕೆನ್ನಿ ಮತ್ತು ಲಾವೊಯ್ 1984ರಲ್ಲಿ ವಿವರಿಸಿದ ಸಾಮಾಜಿಕ ಸಂಬಂಧ ಮಾದರಿ ಈ ಮೂರನ್ನು ಬೇರ್ಪಡಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ ಗುಂಪಿನಲ್ಲಿ ಕನಿಷ್ಠ ನಾಲ್ವರಿರಬೇಕು. ಮೂರನೆಯ ಅಂಶವನ್ನು ಅಳತೆಯ ದೋಷದಿಂದ ಬಿಡಿಸಬೇಕಾದರೆ ಅದೇ ಗುಣದ ಬಗ್ಗೆ ಎರಡು ಪ್ರಶ್ನೆ ಕೇಳಬೇಕು ಅಥವಾ ಎರಡು ಸಲ ಕೇಳಬೇಕು. ಲೆಕ್ಕಕ್ಕೆ ಆರ್ (R) ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದ ಟ್ರಿಪಲ್‌ಆರ್ ಪ್ಯಾಕೇಜ್ ಇದೆ.

ನಮೂನೆಗಳನ್ನು ಮಾತ್ರ ಉಳಿತಾಯದ ಪುಸ್ತಕ ಮುಂದಿಟ್ಟುಕೊಂಡು ಕುಳಿತ ವಾರದ ಸಭೆಯಲ್ಲೇ ತುಂಬಿಸಬೇಡಿ. ಪಕ್ಕದವರು ಇಣುಕುತ್ತಿದ್ದರೆ ಎಲ್ಲರಿಗೂ 5 ಬೀಳುತ್ತದೆ, ಆಮೇಲೆ ಬೇರ್ಪಡಿಸಲು ಯಾವ ಮಾದರಿಗೂ ಏನೂ ಉಳಿದಿರುವುದಿಲ್ಲ.