ಸೆಮಿನಾರ್‌ನಲ್ಲಿ ಹತ್ತನೇ ನಿಮಿಷಕ್ಕೇ ದಾರಿ ತಪ್ಪುತ್ತೆ. ನೀವೆಲ್ಲ ಏನು ಮಾಡ್ತೀರಿ?

ಹೊಸಬಳು:
ಫಿಸಿಕ್ಸ್ ಪಿಎಚ್‌ಡಿಗೆ ಸೇರಿ ಮೂರು ತಿಂಗಳಾಯ್ತು. ಮುಂದಿನ ತಿಂಗಳ ಸೆಮಿನಾರ್ ಪಟ್ಟಿ ಬಂದಿದೆ: ಮ್ಯುಯಾನ್ ಜಿ ಮೈನಸ್ ಟು ಅಂತಿಮ ಫಲಿತಾಂಶ, ಡಾರ್ಕ್ ಎನರ್ಜಿ (ವಿಶ್ವದ ಹಿಗ್ಗುವಿಕೆಯನ್ನ ಜೋರು ಮಾಡೋದು) ಕಾಲಕ್ಕೆ ತಕ್ಕಂತೆ ಬದಲಾಗ್ತಿದೆಯಾ ಅನ್ನೋದು, ಥೋರಿಯಂ ನ್ಯೂಕ್ಲಿಯರ್ ಗಡಿಯಾರ, ಕ್ವಾಂಟಮ್ ಎರರ್ ಕರೆಕ್ಷನ್, ಕೊನೆಗೆ ತಿರುಚಿದ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಗಳು). ಇದರಲ್ಲಿ ಗ್ರಾಫೀನ್ ಒಂದೇ ನನ್ನ ಕೆಲಸಕ್ಕೆ ಹತ್ತಿರ. ಹೋದ ವಾರ ಒಂದಕ್ಕೆ ಹೋಗಿದ್ದೆ. ಹತ್ತನೇ ನಿಮಿಷಕ್ಕೆ ತಲೆಬುಡ ತಿಳಿಯದೆ ಉಳಿದ ಐವತ್ತು ನಿಮಿಷ ಸುಮ್ಮನೆ ತಲೆ ಆಡಿಸ್ತಾ ಕೂತೆ. ಎಲ್ಲಕ್ಕೂ ಹೋಗಬೇಕಾ? ಮೊದಲೇ ಓದಿಕೊಂಡು ಹೋಗಬೇಕಾ? ಪ್ರಶ್ನೆ ಕೇಳೋಕಂತೂ ಭಯ. ಅನುಭವ ಇರೋರು ಹೇಳಿ.

ಕೊನೆಬೆಂಚು:
ತಲೆ ಆಡಿಸ್ತಿದ್ದೋರಲ್ಲಿ ನೀವೊಬ್ಬರೇ ಇರಲಿಲ್ಲ, ಅಷ್ಟು ನಂಬಿ. ಪಟ್ಟಿಯಲ್ಲಿ ‘ಕೊಲೋಕ್ವಿಯಂ’ ಅಂತಿದ್ದರೆ ಅದು ಇಡೀ ವಿಭಾಗಕ್ಕೆ, ಮೊದಲ ಇಪ್ಪತ್ತು ನಿಮಿಷವಾದರೂ ಎಲ್ಲರಿಗೂ ಹೇಳ್ತಾರೆ. ‘ಸೆಮಿನಾರ್’ ಅಂತಿದ್ದರೆ ಅದೇ ಕೆಲಸ ಮಾಡೋ ಹತ್ತು ಹದಿನೈದು ಜನರಿಗೆ. ಎರಡನೆಯದರಲ್ಲಿ ದಾರಿ ತಪ್ಪಿದರೆ ತಪ್ಪು ನಿಮ್ಮದಲ್ಲ. ನಾನು ಮೊದಲ ವರ್ಷ ಎಲ್ಲಕ್ಕೂ ಹೋದೆ, ಎರಡನೇ ವರ್ಷ ಯಾವುದಕ್ಕೂ ಹೋಗಲಿಲ್ಲ. ಎರಡೂ ದಡ್ಡತನ.

ಎರರ್‌ಬಾರ್:
ನಾನು ಪ್ರಯೋಗದ ಕಡೆಯವನು. ಹಿಂದಿನ ಸಂಜೆ ಮುಕ್ಕಾಲು ಗಂಟೆ ಇಟ್ಕೊಳ್ತೀನಿ, ಅದಕ್ಕಿಂತ ಹೆಚ್ಚಿಲ್ಲ. ಆರ್ಕೈವ್‌ನಲ್ಲಿ (ಪೇಪರ್‌ಗಳು ಪುಕ್ಕಟೆ ಸಿಗೋ ಜಾಲತಾಣ) ಭಾಷಣಕಾರರ ಇತ್ತೀಚಿನ ಪೇಪರ್ ತೆಗೆದು ಸಾರಾಂಶ, ಮುನ್ನುಡಿಯ ಕೊನೆಯ ಪ್ಯಾರಾ, ಮುಖ್ಯವಾದ ಒಂದು ಚಿತ್ರ, ಇಷ್ಟನ್ನೇ ನೋಡೋದು. ಅರ್ಥ ಆಗಲೇಬೇಕು ಅಂತಿಲ್ಲ. ‘ಜಗಳ ಯಾವುದರ ಬಗ್ಗೆ’ ಅಂತ ಗೊತ್ತಾದರೆ ಸಾಕು.

ನಿಮ್ಮ ಪಟ್ಟಿಯ ಮೊದಲನೆಯದನ್ನೇ ತಗೊಳ್ಳಿ. ಮ್ಯುಯಾನ್ ಅಂದರೆ ಎಲೆಕ್ಟ್ರಾನಿನ ಸುಮಾರು 207 ಪಟ್ಟು ಭಾರದ ಅಣ್ಣ. ಅದರ ಕಾಂತಗುಣ ಹೇಳೋ ‘ಜಿ’ ಸರಿಯಾಗಿ 2 ಅಲ್ಲ, ಚೂರು ಜಾಸ್ತಿ. ಆ ಚೂರು ಎಷ್ಟು ಅನ್ನೋದೇ ಇಡೀ ಕಥೆ. 2021ರಲ್ಲಿ ಅಮೆರಿಕದ ಫರ್ಮಿಲ್ಯಾಬ್‌ನವರ ಅಳತೆಯನ್ನ ಬ್ರೂಕ್‌ಹೇವನ್ ಲ್ಯಾಬಿನ ಹಳೆಯ ಅಳತೆಗೆ ಸೇರಿಸಿದಾಗ ಅದಕ್ಕೂ ಆಗಿನ ಸೈದ್ಧಾಂತಿಕ ಬೆಲೆಗೂ 4.2 ಸಿಗ್ಮಾ (ಅಂದರೆ ಅನಿಶ್ಚಿತತೆಯ 4.2 ಪಟ್ಟು) ವ್ಯತ್ಯಾಸ ಬಂತು, ಹೊಸ ಕಣ ಸಿಕ್ಕೇಬಿಡ್ತು ಅನ್ನೋ ಹಾಗೆ ಸುದ್ದಿ ಆಯ್ತು. 2025ರ ಜೂನ್‌ನಲ್ಲಿ ಅಂತಿಮ ಅಳತೆ ಬಂತು, ನಿಖರತೆ ನೂರು ಕೋಟಿಗೆ 127 ಭಾಗ. ಅಳತೆ ಹಳೆಯ ಜಾಗದಲ್ಲೇ ಗಟ್ಟಿಯಾಗಿ ಕೂತಿತು. ಜರುಗಿದ್ದು ಥಿಯರಿ! ಲ್ಯಾಟಿಸ್ ಲೆಕ್ಕಾಚಾರದ (ಜಾಗ, ಕಾಲವನ್ನ ಚೌಕಳಿ ಮಾಡಿ ಕಂಪ್ಯೂಟರಿನಲ್ಲಿ ಮಾಡೋ ಲೆಕ್ಕ) ಮೇಲೆ ಹೊಸ ಬೆಲೆ ಕಟ್ಟಿದಾಗ ವ್ಯತ್ಯಾಸ ಕರಗಿಹೋಯ್ತು. ಈಗ ಥಿಯರಿಯ ಅನಿಶ್ಚಿತತೆಯೇ ಪ್ರಯೋಗದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು. ಇಷ್ಟು ತಿಳಿದು ಹೋದರೆ ಎಲ್ಲಿ ಕಿವಿ ನೆಟ್ಟಗಾಗಬೇಕು ಅಂತ ಗೊತ್ತಿರುತ್ತೆ: ಲ್ಯಾಟಿಸ್ ಲೆಕ್ಕಕ್ಕೂ ಬೇರೆ ಪ್ರಯೋಗಗಳ ಡೇಟಾ ಬಳಸೋ ಹಳೆಯ ವಿಧಾನಕ್ಕೂ ಯಾಕೆ ತಾಳೆ ಆಗ್ತಿಲ್ಲ? ಆ ಸ್ಲೈಡ್ ಬಂದಾಗ ಎಚ್ಚರ ಇದ್ದರೆ ಸಾಕು. (ಐವತ್ತು ಅಡಿ ಅಗಲದ ಉಂಗುರದ ಆಯಸ್ಕಾಂತವನ್ನು 2013ರಲ್ಲಿ ಬಾರ್ಜ್, ಟ್ರಕ್ಕುಗಳ ಮೇಲೆ ಬ್ರೂಕ್‌ಹೇವನ್‌ನಿಂದ ಸಾಗಿಸಿದ ಫೋಟೊ ತೋರಿಸದೆ ಯಾರೂ ಬಿಡಲ್ಲ. ಆ ಎರಡು ನಿಮಿಷ ಉಸಿರಾಡಿಕೊಳ್ಳಿ.)

ಡಾರ್ಕ್ ಎನರ್ಜಿ ಭಾಷಣಕ್ಕೆ ಬೇರೆ ಉಪಾಯ. ಗೆಲಾಕ್ಸಿಗಳ ನಕ್ಷೆ ಮಾಡೋ ಡೆಸಿ ಸಮೀಕ್ಷೆಯ 2025ರ ಫಲಿತಾಂಶದಲ್ಲಿ ‘ಬದಲಾಗ್ತಿದೆ’ ಅನ್ನೋ ಸೂಚನೆ 2.8ರಿಂದ 4.2 ಸಿಗ್ಮಾವರೆಗೂ ಓಡಾಡುತ್ತೆ, ಯಾವ ಸೂಪರ್‌ನೋವಾ (ಸಿಡಿದ ನಕ್ಷತ್ರ) ಪಟ್ಟಿಯನ್ನ ಜೊತೆಗೆ ಸೇರಿಸ್ತಾರೆ ಅನ್ನೋದರ ಮೇಲೆ. ಹಾಗಾಗಿ ‘ಯಾವ ಡೇಟಾ ತೆಗೆದರೆ ಈ ಸೂಚನೆ ಮಾಯ ಆಗುತ್ತೆ?’ ಅಂತ ಬರೆದಿಟ್ಕೊಂಡು ಹೋಗಿ. ಖಗೋಳದಲ್ಲಿ ಈ ಪ್ರಶ್ನೆ ಹಳತಾಗಿದ್ದನ್ನ ನಾನು ನೋಡಿಲ್ಲ. ಅಂದಹಾಗೆ, 5 ಸಿಗ್ಮಾ ಅಂದರೆ ಹೊಸದೇನೂ ಇಲ್ಲದೆ ಬರೀ ಏರಿಳಿತದಿಂದಲೇ ಇಷ್ಟು ದೊಡ್ಡ ವ್ಯತ್ಯಾಸ ಬರೋ ಸಂಭವ ಸುಮಾರು 35 ಲಕ್ಷಕ್ಕೆ ಒಂದು. ಯಂತ್ರದಲ್ಲೇ ದೋಷ ಇದ್ದರೆ ಸಿಗ್ಮಾ ನಿಮ್ಮನ್ನ ಕಾಪಾಡಲ್ಲ.

ಸೀಮೆಸುಣ್ಣ:
ಎರರ್‌ಬಾರ್ ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಓದಿಕೊಂಡು ಹೋಗಬೇಕೆಂದು ಹೊರಟರೆ, ಓದಲು ಸಮಯ ಸಿಗದ ವಾರ ಸೆಮಿನಾರೇ ತಪ್ಪುತ್ತದೆ. ನನಗೆ ಹಾಗೇ ಆಯಿತು. ಈಗ ಏನೂ ಓದದೆ ಹೋಗುತ್ತೇನೆ, ಆದರೆ ಪ್ರತಿ ಗ್ರಾಫಿನ ಎರಡು ಅಕ್ಷಗಳನ್ನು ಹಾಳೆಯ ಮೇಲೆ ಬರೆದುಕೊಳ್ಳುತ್ತೇನೆ: ಅಡ್ಡಕ್ಕೆ ಏನು, ಉದ್ದಕ್ಕೆ ಏನು, ಯೂನಿಟ್ ಯಾವುದು. ಒಳಗಿನ ಗೆರೆ ಬೇಡ. ದಾರಿ ತಪ್ಪಿದಾಗ ಮತ್ತೆ ಹತ್ತಿಕೊಳ್ಳಲು ಇದೇ ಮೆಟ್ಟಿಲು. ಒಮ್ಮೆ ನಾಚುತ್ತಲೇ ‘ಉದ್ದದ ಅಕ್ಷ ಲಾಗ್ ಪ್ರಮಾಣದಲ್ಲಿದೆಯೇ?’ ಎಂದು ಕೇಳಿದೆ. ಹೌದಂತೆ. ನನ್ನ ಪಕ್ಕದಲ್ಲಿದ್ದ ಹಿರಿಯರು ತಮ್ಮ ಹಾಳೆಯಲ್ಲಿ ಏನನ್ನೋ ಹೊಡೆದುಹಾಕಿ ತಿದ್ದಿಕೊಂಡರು.

ಥೋರಿಯಂ ಭಾಷಣವನ್ನು ಬಿಡಬೇಡಿ. ಪರಮಾಣು ಬೀಜವನ್ನು ಎಬ್ಬಿಸಲು (ಹೆಚ್ಚು ಶಕ್ತಿಯ ಸ್ಥಿತಿಗೆ ಏರಿಸಲು) ಸಾಮಾನ್ಯವಾಗಿ ಸಾವಿರಾರು, ಲಕ್ಷಾಂತರ ಎಲೆಕ್ಟ್ರಾನ್‌ವೋಲ್ಟ್ ಬೇಕು. ಥೋರಿಯಂ-229ಕ್ಕೆ ಕೇವಲ 8.4 ಸಾಕು, ಎಂದರೆ 148 ನ್ಯಾನೊಮೀಟರ್ ತರಂಗದೂರದ ಬೆಳಕು. 2024ರಲ್ಲಿ ಲೇಸರಿನಿಂದಲೇ ಎಬ್ಬಿಸಿ ತೋರಿಸಿದರು. ಆ ಬೆಳಕಿನ ಕಂಪನವೇ ಗಡಿಯಾರದ ಟಿಕ್‌ಟಿಕ್. ಇದಕ್ಕೆ ಹಿನ್ನೆಲೆ ಹೆಚ್ಚು ಬೇಡ, ಬಿ.ಎಸ್ಸಿ. ಫಿಸಿಕ್ಸ್ ಸಾಕು.

ಕೊನೆಬೆಂಚು:
ಪ್ರಶ್ನೆಯ ಭಯದ ಬಗ್ಗೆ ಯಾರೂ ಹೇಳಲಿಲ್ಲ. 2011ರ ಸೆಪ್ಟೆಂಬರ್, ಸರ್ನ್‌ನಲ್ಲಿ (ಜಿನೀವಾ ಹತ್ತಿರದ ಕಣಭೌತ ಪ್ರಯೋಗಾಲಯ) ಒಪೆರಾ ಅನ್ನೋ ಪ್ರಯೋಗದ ತಂಡದ ಸೆಮಿನಾರ್. ಸುಮಾರು 730 ಕಿಲೋಮೀಟರ್ ದೂರಕ್ಕೆ ನ್ಯೂಟ್ರಿನೊ ಅನ್ನೋ ಹಗುರ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮುಂಚೆ ಬಂದವು ಅಂತ ಹೇಳಿದರು. ಅಂಥ ಫಲಿತಾಂಶ ಎದುರಿಗಿದ್ದಾಗ ಕೇಳಬೇಕಾದ ಪ್ರಶ್ನೆಗಳು ಎಂಥವು ಗೊತ್ತಾ? ದೂರ ಹೇಗೆ ಅಳೆದಿರಿ, ಗಡಿಯಾರ ಹೇಗೆ ಹೊಂದಿಸಿದಿರಿ. ಸಾಪೇಕ್ಷತೆಯ ಮೇಲೆ ಪಾಂಡಿತ್ಯ ಬೇಕಿರಲಿಲ್ಲ. ಮರುವರ್ಷ ಸಿಕ್ಕಿದ್ದು ಸರಿಯಾಗಿ ಕೂರದಿದ್ದ ಒಂದು ಆಪ್ಟಿಕಲ್ ಕೇಬಲ್. ಅದಾದ ಮೇಲೆ ‘ಸಣ್ಣ ಪ್ರಶ್ನೆ’ ಅನ್ನೋ ಮಾತನ್ನ ನಾನು ನಂಬಲ್ಲ.

ಭಯ ಹೋಗದಿದ್ದರೆ ಭಾಷಣ ಮುಗಿದ ಮೇಲೆ ಬಾಗಿಲ ಹತ್ತಿರ ಕೇಳಿ, ಅಥವಾ ಅವತ್ತೇ ಎರಡು ಸಾಲು ಮೇಲ್ ಹಾಕಿ. ಮರುದಿನ ಅಂದರೆ ಮರೆತೇಬಿಡ್ತೀರಿ.

ಮೈನಸ್273:
ಗ್ರಾಫೀನ್ ನಿಮ್ಮದೇ ಕ್ಷೇತ್ರ, ಅದೊಂದಕ್ಕೆ ಮಾತ್ರ ಪೂರ್ತಿ ತಯಾರಿ ಮಾಡಿ. 2018ರಲ್ಲಿ ಎರಡು ಪದರಗಳನ್ನ ಸುಮಾರು 1.1 ಡಿಗ್ರಿ ತಿರುಚಿದಾಗ ಸೂಪರ್‌ಕಂಡಕ್ಟಿವಿಟಿ (ತಡೆಯೇ ಇಲ್ಲದೆ ಕರೆಂಟ್ ಹರಿಯೋದು) ಕಂಡಿದ್ದು ಗೊತ್ತೇ ಇದೆ. ಆದರೆ ಆ ಕೋನ ಒಂದೇ ತುಣುಕಿನೊಳಗೇ ಜಾಗದಿಂದ ಜಾಗಕ್ಕೆ ಬದಲಾಗುತ್ತೆ. ಸ್ಲೈಡಲ್ಲಿ ಒಂದೇ ಸುಂದರ ಡಿವೈಸ್ ಇದ್ದರೆ ‘ಎಷ್ಟು ಮಾಡಿದಿರಿ, ಎಷ್ಟರಲ್ಲಿ ಹೀಗೆ ಬಂತು?’ ಅಂತ ಕೇಳಿ. ನಾನು ಸ್ಯಾಂಪಲ್ ಮಾಡೋನು, ಸುಂದರವಾದ ಒಂದರ ಹಿಂದೆ ಡ್ರಾಯರ್ ತುಂಬ ಏನಿರುತ್ತೆ ಅಂತ ಬಲ್ಲೆ. ಎರರ್ ಕರೆಕ್ಷನ್‌ಗೆ ಒಂದೇ ಮಾತು: ಕೋಡ್ (ಒಂದು ಮಾಹಿತಿಯನ್ನ ಹಲವು ಕ್ಯೂಬಿಟ್‌ಗಳಿಗೆ, ಅಂದರೆ ಕ್ವಾಂಟಮ್ ಬಿಟ್‌ಗಳಿಗೆ, ಹಂಚಿಡೋ ವಿಧಾನ) ದೊಡ್ಡದಾದಷ್ಟೂ ದೋಷ ಇಳಿಯುತ್ತಾ ಏರುತ್ತಾ, ಅದನ್ನ ನೋಡಿ. 2024ರ ಗೂಗಲ್ ಚಿಪ್ ಸುದ್ದಿಯಾಗಿದ್ದು ಅದು ಇಳಿದಿದ್ದಕ್ಕೇ.

ಹೊಸಬಳು:
ಎಲ್ಲರಿಗೂ ಥ್ಯಾಂಕ್ಸ್. ಐದಕ್ಕೂ ಹೋಗ್ತೀನಿ, ಗ್ರಾಫೀನ್‌ಗೆ ಮಾತ್ರ ಓದಿಕೊಂಡು. ಈಗಷ್ಟೇ ಅವರ ಪೇಪರ್ ತೆಗೆದೆ. ಎರಡನೇ ಚಿತ್ರದ ಉದ್ದದ ಅಕ್ಷಕ್ಕೆ ಯೂನಿಟ್ಟೇ ಇಲ್ಲ, ‘ಆರ್ಬಿಟ್ರರಿ’ ಅಂತ ಬರೆದಿದ್ದಾರೆ. ಇದು ಪ್ರಶ್ನೆ ಆಗುತ್ತಾ?

ಸೀಮೆಸುಣ್ಣ:
ಆಗುತ್ತದೆ. ಕೈ ಎತ್ತಿ.